“ಯಾವ ಕಾರ್ಡ್ ದೊಡ್ಡದು?” ಅಂತ ಕೇಳುವವರಿಗೆ

“ಎರಡು ಕಾರ್ಡ್ ಒಂದಕ್ಕೊಂದು ಉಲ್ಟಾ ಹೇಳ್ತಿವೆ. ಯಾವುದು ದೊಡ್ಡದು?”

ಮ್ಯಾಜಿಕ್: ದಿ ಗ್ಯಾದರಿಂಗ್ ಅನ್ನೋ ಕಾರ್ಡ್ ಆಟ ಆಡುವವರ ಗುಂಪಿನಲ್ಲಿ ‘ಇವನಿಗೆ ರೂಲ್ಸ್ ಗೊತ್ತು’ ಅಂತ ಒಮ್ಮೆ ಹೆಸರು ಬಿದ್ದರೆ ಮುಗೀತು. ಊಟಕ್ಕೆ ಕೂತಾಗಲೂ ಫೋನ್ ಬರುತ್ತೆ. ಅದಕ್ಕೇ ಬರೆದಿಡುತ್ತಿದ್ದೇನೆ.

ದೊಡ್ಡದು ಚಿಕ್ಕದು ಅಂತ ಏನೂ ಇಲ್ಲ. ಜಾಸ್ತಿ ದುಡ್ಡು ಕೊಟ್ಟು ತಂದ ಕಾರ್ಡ್ ಅಂತ ಅದಕ್ಕೆ ವಿಶೇಷ ಮರ್ಯಾದೆ ಸಿಗಲ್ಲ. (ಹೀಗೂ ವಾದ ಮಾಡಿದವರಿದ್ದಾರೆ.) ಕಾರ್ಡಿಗೂ ರೂಲ್‌ಬುಕ್ಕಿಗೂ ಜಗಳವಾದರೆ ಕಾರ್ಡ್ ಹೇಳಿದ್ದೇ ನಡೆಯುತ್ತೆ. ಒಂದು ಕಾರ್ಡ್ ‘ಮಾಡಬಹುದು’ ಅಂದು ಇನ್ನೊಂದು ‘ಮಾಡುವಂತಿಲ್ಲ’ ಅಂದರೆ, ಮಾಡುವಂತಿಲ್ಲ. ನಿಮ್ಮ ಜಗಳಗಳಲ್ಲಿ ಮುಕ್ಕಾಲುಪಾಲು ಇಲ್ಲೇ ಮುಗಿಯುತ್ತವೆ, ಕಾರ್ಡ್ ಮೇಲಿರುವುದನ್ನು ಓದಿದ್ದರೆ.

ಇನ್ನು ಕೆಲವರು ಉತ್ತರಾನೂ ಸೇರಿಸಿಯೇ ಕೇಳುತ್ತಾರೆ. “ಕೊನೆಗೆ ಬಂದಿದ್ದೇ ಗೆಲ್ಲುತ್ತೆ, ಅಲ್ವಾ?” ಇವರನ್ನು ಕಂಡರೆ ನನಗೆ ಮೈ ಉರಿಯುತ್ತೆ. ಯಾಕೆಂದರೆ ಒಮ್ಮೆ ನಾನೂ ಇದನ್ನೇ ಹೇಳಿದ್ದೆ.

ರಾತ್ರಿ ಹನ್ನೊಂದಾಗಿತ್ತು. ಗೆಳೆಯನ ಕ್ರೀಚರ್, ಅಂದರೆ ಕಾದಾಡುವ ಪ್ರಾಣಿಯ ಕಾರ್ಡ್, ದಾಳಿಗೆ ಹೊರಟಿತ್ತು. ಹೊಡೆಯುವ ಬಲ 2, ತಡೆಯುವ ಬಲ 2, ಅಂದರೆ 2/2. ಎದುರಾಳಿ ತನ್ನ 3/3 ಕ್ರೀಚರ್ ಅಡ್ಡ ನಿಲ್ಲಿಸಿದಳು. ಇವನು ‘ಜೈಂಟ್ ಗ್ರೋತ್’ ಹಾಕಿದ. ಆ ಟರ್ನ್ ಮುಗಿಯುವವರೆಗೆ +3/+3. ಅಲ್ಲಿಗೆ 5/5 ಆಯ್ತು. ಅದಾದ ಮೇಲೆ ಅವಳು ಇವನ ಕ್ರೀಚರ್ ಮೇಲೆ ‘ಟರ್ನ್ ಟು ಫ್ರಾಗ್’ ಹಾಕಿದಳು. ಅದು ಎಂಥ ಕ್ರೀಚರನ್ನೂ 1/1 ಕಪ್ಪೆ ಮಾಡುತ್ತೆ. ಇಬ್ಬರೂ ನನ್ನ ಮುಖ ನೋಡಿದರು. “ಕೊನೆಗೆ ಬಂದಿದ್ದು ಕಪ್ಪೆ. 1/1 ಅಷ್ಟೇ” ಅಂದೆ. ಕಪ್ಪೆ ಸತ್ತಿತು. ಎರಡು ಟರ್ನ್ ಕಳೆದು ಗೆಳೆಯನೂ ಸೋತ.

ಮನೆಗೆ ಹೋಗಿ ರೂಲ್‌ಬುಕ್ ತೆಗೆದೆ. ಇಂಥ ಲೆಕ್ಕಕ್ಕೆ ಏಳು ಪದರಗಳಿವೆ, ಆಡುವವರು ಲೇಯರ್ ಅನ್ನುತ್ತಾರೆ. ಬಲದ ಅಂಕಿಗಳು ಏಳನೆಯದರಲ್ಲಿ. ಅದರೊಳಗೂ ಮೂಲ ಅಂಕಿಯನ್ನೇ ಬದಲಿಸುವ ಕಾರ್ಡ್ ಮೊದಲು, ಕೂಡಿಸಿ ಕಳೆಯುವ ಕಾರ್ಡ್ ಆಮೇಲೆ. ಮೇಜಿನ ಮೇಲೆ ಯಾವುದು ಮೊದಲು ಬಿತ್ತು ಅನ್ನೋದು ಇಲ್ಲಿ ಲೆಕ್ಕಕ್ಕೇ ಇಲ್ಲ. ಮೊದಲು 1/1 ಕಪ್ಪೆ, ಅದರ ಮೇಲೆ +3/+3. 4/4 ಕಪ್ಪೆ! ಅದು ಎದುರಿನ 3/3 ಕ್ರೀಚರನ್ನು ಕೊಂದು ತಾನು ಬದುಕಬೇಕಿತ್ತು.

ಅಲ್ಲಿದ್ದ ಬೇರೆ ಯಾರಿಗೂ ಇದು ಗೊತ್ತಿರಲಿಲ್ಲ ಬಿಡಿ. ಬೇಕಿದ್ದರೆ ಅವರೂ ನೋಡಬಹುದಿತ್ತು.

“ತಪ್ಪು ಹೇಳಿದ್ದು ಗೊತ್ತಾದ ಮೇಲೆ ಏನು ಮಾಡಿದೆ?” ಅಂತ ಮಾತ್ರ ಯಾರೂ ಕೇಳಲ್ಲ. ಕೇಳಿದ್ದರೆ ಖುಷಿಯಿಂದ ಹೇಳುತ್ತಿದ್ದೆ. ಬೆಳಗ್ಗೆ ಏಳಕ್ಕೇ ಗೆಳೆಯನಿಗೆ ಫೋನ್ ಮಾಡಿದೆ. “ಕಪ್ಪೆ ಸಾಯಬಾರದಿತ್ತು ಕಣೋ.” ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಿದ್ದೆಗಣ್ಣಿನ ದನಿ: “ಯಾವ ಕಪ್ಪೆ?”

ಈಗಲೂ ಆಟದ ಮಧ್ಯೆ ನಾನು ಏನಾದರೂ ತೀರ್ಪು ಹೇಳಿದರೆ ಅವನು ಕಾರ್ಡ್ ಕೆಳಗಿಟ್ಟು ಕೇಳುತ್ತಾನೆ: “ಇದು ರಾತ್ರಿ ಉತ್ತರಾನೋ, ಬೆಳಗ್ಗೆ ಉತ್ತರಾನೋ?”