ಲ್ಯಾಂಬ್ಡಾ ಇಂಟರ್‌ಫೆರಾನ್ ಇಂಜೆಕ್ಷನ್ ನಮ್ಮ ಕಡೆ ಯಾಕೆ ಕೊಡುವುದಿಲ್ಲ?

"ಒಂದೇ ಒಂದು ಇಂಜೆಕ್ಷನ್ ಅಂತೆ, ಕೋವಿಡ್‌ಗೆ ಆಸ್ಪತ್ರೆ ಸೇರುವವರು ಅರ್ಧಕ್ಕರ್ಧ ಕಡಿಮೆಯಾದರಂತೆ. ಯಾವ ವೈರಸ್ಸಿಗಾದರೂ ಆಗುತ್ತಂತೆ. ಹಾಗಿದ್ದರೆ ಹಾಸನ, ಚಿಕ್ಕಮಗಳೂರಿನಲ್ಲಿ ಯಾಕೆ ಸಿಗಲ್ಲ? ಡೆಂಗಿಗೆ, ಮಂಗನ ಕಾಯಿಲೆಗೆ ಯಾಕೆ ಕೊಡಬಾರದು?"

ಜ್ವರದ ಕಾಲ ಬಂದಾಗಲೆಲ್ಲ ಬರುವ ಪ್ರಶ್ನೆ ಇದು. ಲ್ಯಾಂಬ್ಡಾ ಇಂಟರ್‌ಫೆರಾನ್ ಒಳ್ಳೆಯದೇ. ಆದರೆ ಅದು ಕೆಲಸ ಮಾಡುವ ಜಾಗ ಸೀಮಿತ, ಸಮಯ ಅದಕ್ಕಿಂತ ಸೀಮಿತ. ಇವೆರಡನ್ನೂ ಮರೆತು ಕೊಟ್ಟರೆ ಉಪಯೋಗವಿಲ್ಲ, ಕೆಲವೊಮ್ಮೆ ಕೇಡೂ ಉಂಟು.

ಇಂಟರ್‌ಫೆರಾನ್ ಗೊತ್ತಾದದ್ದು 1957ರಲ್ಲಿ, ಲಂಡನ್ನಿನಲ್ಲಿ, ಐಸಾಕ್ಸ್ ಮತ್ತು ಲಿಂಡೆನ್‌ಮನ್ ಅವರ ಪ್ರಯೋಗದಿಂದ. ವೈರಸ್ ಹೊಕ್ಕ ಜೀವಕೋಶ ಸುತ್ತಲಿನ ಕೋಶಗಳನ್ನು ಎಚ್ಚರಿಸಲು ಬಿಡುವ ಪ್ರೋಟೀನ್ ಅದು. ಲ್ಯಾಂಬ್ಡಾ ಗುಂಪು ಪತ್ತೆಯಾಗಿದ್ದು ಬಹಳ ತಡವಾಗಿ, 2003ರಲ್ಲಿ. ಮನುಷ್ಯರಲ್ಲಿ ಇವು ನಾಲ್ಕು, ನಾಲ್ಕರ ಜೀನ್‌ಗಳೂ 19ನೇ ಕ್ರೋಮೋಸೋಮಿನಲ್ಲಿವೆ. ನಾಲ್ಕನೆಯದು ತಿಳಿದದ್ದು 2013ರಲ್ಲಿ.

ಹಳೆಯ ಆಲ್ಫಾ ಇಂಟರ್‌ಫೆರಾನ್‌ಗೂ ಇದಕ್ಕೂ ಇರುವ ವ್ಯತ್ಯಾಸ ರಿಸೆಪ್ಟರ್‌ನಲ್ಲಿ, ಅಂದರೆ ಕೋಶದ ಮೇಲೆ ಇಂಟರ್‌ಫೆರಾನ್ ಬಂದು ಅಂಟಿಕೊಳ್ಳುವ ಕೊಂಡಿಯಲ್ಲಿ. ಆಲ್ಫಾದ ರಿಸೆಪ್ಟರ್ ಮೈಯ ಹೆಚ್ಚುಕಡಿಮೆ ಎಲ್ಲ ಕೋಶಗಳ ಮೇಲೂ ಇದೆ. ಲ್ಯಾಂಬ್ಡಾದ ರಿಸೆಪ್ಟರ್ ಮುಖ್ಯವಾಗಿ ಮೂಗು, ಶ್ವಾಸಕೋಶ, ಕರುಳುಗಳ ಒಳಪದರದಲ್ಲಿ, ಲಿವರ್ ಕೋಶಗಳಲ್ಲಿ ಮತ್ತು ಕೆಲವೇ ಬಗೆಯ ಬಿಳಿ ರಕ್ತಕಣಗಳಲ್ಲಿದೆ. ರಿಸೆಪ್ಟರಿಗೆ ಅಂಟಿಕೊಂಡ ಮೇಲೆ ಕೋಶದೊಳಗೆ ಎರಡರ ಸಂದೇಶವೂ ಒಂದೇ ದಾರಿ ಹಿಡಿಯುತ್ತದೆ: ಜ್ಯಾಕ್1, ಟಿಕ್2 ಎಂಬ ಕಿಣ್ವಗಳು ಸ್ಟ್ಯಾಟ್ ಪ್ರೋಟೀನ್‌ಗಳನ್ನು ಚುರುಕುಗೊಳಿಸುತ್ತವೆ, ಅವು ನ್ಯೂಕ್ಲಿಯಸ್‌ಗೆ ಹೋಗಿ ನೂರಾರು ಜೀನ್‌ಗಳನ್ನು ಎಬ್ಬಿಸುತ್ತವೆ, ವೈರಸ್ ತನ್ನ ಪ್ರತಿಗಳನ್ನು ಮಾಡಿಕೊಳ್ಳಲಾಗದಂತೆ ಆ ಕೋಶ ಸಜ್ಜಾಗುತ್ತದೆ.

ರಿಸೆಪ್ಟರ್ ಎಲ್ಲೆಲ್ಲಿದೆಯೋ ಅಡ್ಡ ಪರಿಣಾಮವೂ ಅಲ್ಲೇ. ಆಲ್ಫಾ ಇಂಜೆಕ್ಷನ್ ತೆಗೆದುಕೊಂಡವರಿಗೆ ಚಳಿಜ್ವರ, ಮೈಕೈ ನೋವು, ಬಿಳಿ ರಕ್ತಕಣ ಮತ್ತು ಪ್ಲೇಟ್‌ಲೆಟ್ ಇಳಿಯುವುದು, ಮನಸ್ಸು ಕುಗ್ಗುವುದು ಎಲ್ಲ ಕಾಣಿಸುತ್ತಿತ್ತು. ಲ್ಯಾಂಬ್ಡಾದಲ್ಲಿ ಇವು ಬಹಳ ಕಡಿಮೆ. ಬದಲಿಗೆ ಅದರ ಕಾಟ ಲಿವರ್‌ಗೆ: ಲಿವರ್‌ಗೆ ಪೆಟ್ಟಾದದ್ದನ್ನು ರಕ್ತ ಪರೀಕ್ಷೆಯಲ್ಲಿ ತೋರಿಸುವ ಎಎಲ್‌ಟಿ, ಬಿಲಿರುಬಿನ್ ಏರುತ್ತವೆ. ಹೆಪಟೈಟಿಸ್ ಡಿ (ಡಿ ವೈರಸ್ಸಿನಿಂದ ಬರುವ ಲಿವರ್ ಕಾಯಿಲೆ) ರೋಗಿಗಳಲ್ಲಿ ನಡೆಯುತ್ತಿದ್ದ ದೊಡ್ಡ ಪ್ರಯೋಗವನ್ನು 2023ರಲ್ಲಿ ಅರ್ಧಕ್ಕೇ ನಿಲ್ಲಿಸಿದ್ದು ಕೆಲವರ ಲಿವರ್ ಕೈಕೊಟ್ಟಿದ್ದರಿಂದ. ಮೊದಲೇ ದಣಿದ ಲಿವರ್‌ಗೆ ಲಿವರನ್ನೇ ಹಿಡಿಯುವ ಔಷಧಿಯನ್ನು ವಾರವಾರವೂ ಕೊಡುವುದು ಎಷ್ಟು ಸೂಕ್ಷ್ಮದ ಕೆಲಸ ಎಂಬುದು ಅಲ್ಲಿ ಗೊತ್ತಾಯಿತು.

ಇನ್ನು ಕೋವಿಡ್ ಸುದ್ದಿ. ಅದು ಸುಳ್ಳಲ್ಲ. ಬ್ರೆಜಿಲ್ ಮತ್ತು ಕೆನಡಾದಲ್ಲಿ ನಡೆದ 'ಟುಗೆದರ್' ಪ್ರಯೋಗದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಲಕ್ಷಣ ಶುರುವಾದ 7 ದಿನದೊಳಗೆ 180 ಮೈಕ್ರೋಗ್ರಾಂ ಪೆಗ್‌ಇಂಟರ್‌ಫೆರಾನ್ ಲ್ಯಾಂಬ್ಡಾವನ್ನು ಚರ್ಮದಡಿಗೆ ಒಂದೇ ಸಲ ಕೊಟ್ಟರು. ('ಪೆಗ್' ಎಂದರೆ ಔಷಧಿ ರಕ್ತದಲ್ಲಿ ಬಹಳ ದಿನ ಉಳಿಯಲೆಂದು ಅಂಟಿಸಿದ ಅಣುಸರಪಳಿ.) ಆಸ್ಪತ್ರೆ ಸೇರಿದವರು ಇಲ್ಲವೇ ತುರ್ತು ವಿಭಾಗದಲ್ಲಿ 6 ಗಂಟೆಗಿಂತ ಹೆಚ್ಚು ಇರಬೇಕಾದವರು ಔಷಧಿ ಪಡೆದವರಲ್ಲಿ ಶೇ. 2.7, ಪಡೆಯದವರಲ್ಲಿ ಶೇ. 5.6. 'ಅರ್ಧಕ್ಕರ್ಧ' ಬಂದದ್ದು ಇಲ್ಲಿಂದ. ಅದೇ ಲೆಕ್ಕವನ್ನು ಇನ್ನೊಂದು ರೀತಿ ಹೇಳಿದರೆ, 100 ಜನಕ್ಕೆ ಚುಚ್ಚಿದಾಗ ಸುಮಾರು 3 ಜನಕ್ಕೆ ಆಸ್ಪತ್ರೆ ತಪ್ಪಿತು. ನಮ್ಮ ಮಟ್ಟಿಗೆ ಇದು ಸಣ್ಣ ಲಾಭವಲ್ಲ. ಆದರೆ ಅಮೆರಿಕದಲ್ಲಿ 120 ಜನರ ಮೇಲೆ ಮಾಡಿದ ಇನ್ನೊಂದು ಪ್ರಯೋಗದಲ್ಲಿ ಏನೂ ಪ್ರಯೋಜನ ಕಾಣಲಿಲ್ಲ. ಔಷಧಿಗಳಿಗೆ ಅನುಮತಿ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ತುರ್ತು ಅನುಮತಿಗೆ ಒಪ್ಪಲಿಲ್ಲ. ಔಷಧಿಯನ್ನು ಬೆಳೆಸುತ್ತಿದ್ದ ಕಂಪನಿ 2024ರಲ್ಲಿ ದಿವಾಳಿ ಎದ್ದಿತು. ಹಾಸನದ ಮೆಡಿಕಲ್ ಶಾಪಿನಲ್ಲಿ ಸಿಗದಿರಲು ಇಷ್ಟೇ ಕಾರಣ, ಯಾರೂ ಬಚ್ಚಿಟ್ಟುಕೊಂಡಿಲ್ಲ.

ಸಮಯದ ಮಾತು ಇನ್ನೂ ಮುಖ್ಯ. ಅಡಿಕೆಗೆ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲು ಹೊಡೆದರೆ ಕೊಳೆ ತಡೆಯುತ್ತದೆ, ಕಾಯಿ ಉದುರಲು ಶುರುವಾದ ಮೇಲೆ ಹೊಡೆದರೆ ಕೊಳೆತದ್ದು ಸರಿಹೋಗುವುದಿಲ್ಲ. ಲ್ಯಾಂಬ್ಡಾ ವಿಷಯದಲ್ಲಿ ಇದಕ್ಕಿಂತ ಒಂದು ಹೆಜ್ಜೆ ಮುಂದೆ: ತಡವಾದರೆ ಅದು ವಾಸಿಯಾಗುವುದನ್ನೇ ತಡೆಯಬಹುದು. ವೈರಸ್ ಹೋದ ಮೇಲೆ ಶ್ವಾಸಕೋಶದ ಒಳಪದರದ ಕೋಶಗಳು ಹೊಸದಾಗಿ ವಿಭಜನೆಯಾಗಿ ಗಾಯ ಮುಚ್ಚಬೇಕು. ಲ್ಯಾಂಬ್ಡಾ ಆ ವಿಭಜನೆಗೆ ಅಡ್ಡಬರುತ್ತದೆ, ಪದರ ಸಡಿಲವಾಗಿಯೇ ಉಳಿದು ಬ್ಯಾಕ್ಟೀರಿಯಾ ಸೋಂಕು ಸುಲಭವಾಗುತ್ತದೆ ಎಂದು ಇಲಿಗಳಲ್ಲಿ 2020ರಲ್ಲಿ ತೋರಿಸಿದರು. ವೆಂಟಿಲೇಟರಿನಲ್ಲಿ ಇರುವವರಿಗೆ ಇದನ್ನು ಕೊಡಿ ಎಂದು ಒತ್ತಾಯಿಸುವವರು ಇದನ್ನು ತಿಳಿದಿರಬೇಕು.

'ಹೆಚ್ಚಿದ್ದಷ್ಟೂ ಒಳ್ಳೆಯದು' ಎಂಬ ನಂಬಿಕೆಯನ್ನು ಮುರಿದದ್ದು ಹೆಪಟೈಟಿಸ್ ಸಿ. 19ನೇ ಕ್ರೋಮೋಸೋಮಿನ ಒಂದು ಜಾಗದಲ್ಲಿ ಸಿಸಿ ಎಂಬ ನಮೂನೆ ಇದ್ದವರಿಗೆ ಆಲ್ಫಾ ಇಂಟರ್‌ಫೆರಾನ್ ಮತ್ತು ರೈಬಾವಿರಿನ್ ಚಿಕಿತ್ಸೆ ಉಳಿದವರಿಗಿಂತ ಚೆನ್ನಾಗಿ ಹತ್ತುತ್ತದೆ ಎಂದು 2009ರಲ್ಲಿ ತಿಳಿಯಿತು. ಕಾರಣ ಹುಡುಕುತ್ತ ಹೋದಾಗ ಸಿಕ್ಕಿದ್ದೇ ನಾಲ್ಕನೇ ಲ್ಯಾಂಬ್ಡಾ. ಅಚ್ಚರಿಯೆಂದರೆ, ಅದನ್ನು ತಯಾರಿಸಬಲ್ಲವರೇ ವೈರಸ್ಸನ್ನು ಓಡಿಸುವುದರಲ್ಲಿ ಹಿಂದೆ. ಆ ಜೀನ್ ಕೆಟ್ಟು ಕೂತವರೇ, ಅಂದರೆ ಹೆಚ್ಚಾಗಿ ಸಿಸಿ ನಮೂನೆಯವರೇ, ಮುಂದೆ. ತಯಾರಿಸಬಲ್ಲವರ ಲಿವರ್ ಕೋಶಗಳು ಮೊದಲಿನಿಂದಲೂ ಅರೆ ಎಚ್ಚರದಲ್ಲಿದ್ದು, ಹೊರಗಿನಿಂದ ಕೊಟ್ಟ ಇಂಟರ್‌ಫೆರಾನ್‌ಗೆ ಮತ್ತೆ ಓಗೊಡುವುದಿಲ್ಲ ಎಂಬುದು ಇದಕ್ಕೆ ಕೊಡುವ ಒಂದು ವಿವರಣೆ. ಈಗ ಸಿ ವೈರಸ್ಸಿಗೆ ಸೋಫೋಸ್‌ಬುವಿರ್ ಜೊತೆ ಡಕ್ಲಾಟಾಸ್‌ವಿರ್ ಮಾತ್ರೆಗಳನ್ನು ಸಾಮಾನ್ಯವಾಗಿ 12 ವಾರ ಕೊಡುತ್ತಾರೆ, ಹಾಗಾಗಿ ಆ ಜೀನ್ ಪರೀಕ್ಷೆಗೆ ದುಡ್ಡು ಸುರಿಯಬೇಕಾಗಿಲ್ಲ.

ಡೆಂಗಿ, ಮಂಗನ ಕಾಯಿಲೆಗಳಿಗೆ ಬಂದರೆ, ಸೊಳ್ಳೆಯೂ ಉಣುಗೂ ವೈರಸ್ಸನ್ನು ಚರ್ಮದ ಮೂಲಕ ಒಳಗೆ ಬಿಡುತ್ತವೆ, ಅಲ್ಲಿಂದ ಅದು ರಕ್ತಕ್ಕೆ ಸೇರುತ್ತದೆ. ಅಲ್ಲಿ ಸೋಂಕು ತಗಲುವ ಬಿಳಿ ರಕ್ತಕಣಗಳಲ್ಲಿ ಹೆಚ್ಚಿನವು ಲ್ಯಾಂಬ್ಡಾಕ್ಕೆ ಅಷ್ಟಾಗಿ ಸ್ಪಂದಿಸುವುದಿಲ್ಲ. ಎರಡಕ್ಕೂ ಲ್ಯಾಂಬ್ಡಾ ಚಿಕಿತ್ಸೆ ಎಂಬುದಿಲ್ಲ. ಕೊಪ್ಪ, ಎನ್.ಆರ್. ಪುರ, ಶೃಂಗೇರಿ ಕಡೆ ಕಾಡಿಗೆ ಹೋಗಿಬಂದ ಮೇಲೆ ಜ್ವರ ಬಂದರೆ ಉಣುಗು ಕಚ್ಚಿದ್ದನ್ನು ವೈದ್ಯರಿಗೆ ಮೊದಲೇ ಹೇಳಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ನುಂಗಬೇಡಿ, ಎರಡೂ ಕಾಯಿಲೆಗಳಲ್ಲಿ ರಕ್ತಸ್ರಾವದ ಭಯವಿದೆ. ಲಿವರ್ ಬಗ್ಗೆ ಚಿಂತೆ ಇರುವವರು ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳಿ. ಬಿ ಇಲ್ಲದವರಿಗೆ ಡಿ ವೈರಸ್ ಅಂಟಿಕೊಳ್ಳಲಾರದು, ಆ ಒಂದು ಲಸಿಕೆ ಎರಡನ್ನೂ ತಡೆಯುತ್ತದೆ.