ಫರ್ಜ್‌ಗೆ ಮುಂಚಿನ ಎರಡು ರಕಾತ್

ಫಜರ್ ಎಂಬ ನಸುಕಿನ ನಮಾಜಿನಲ್ಲಿ ಕಡ್ಡಾಯವಾದ ಎರಡು ರಕಾತ್ (ನಿಂತು, ಬಾಗಿ, ಸಜ್ದಾದಲ್ಲಿ ನೆಲಕ್ಕೆ ಹಣೆ ಹಚ್ಚುವ ಒಂದು ಸುತ್ತೇ ರಕಾತ್) ಫರ್ಜ್‌ಗೆ ಮುಂಚೆ, ಪ್ರವಾದಿಯವರ ರೂಢಿಯಂತೆ ಮಾಡುವ ಎರಡು ರಕಾತ್ ಸುನ್ನತ್ ಇದೆ. ಇದು ಫರ್ಜ್‌ನಂತೆ ಕಡ್ಡಾಯವಲ್ಲ. ಆದರೂ ಈ ಎರಡು ರಕಾತ್‌ಗಳು ಲೋಕಕ್ಕಿಂತಲೂ ಅದರಲ್ಲಿರುವ ಸಕಲಕ್ಕಿಂತಲೂ ಮೇಲು ಎಂದು ಪ್ರವಾದಿಯವರು ಹೇಳಿದ್ದಾಗಿ ಅವರ ಪತ್ನಿ ಹಜರತ್ ಆಯಿಷಾ ಅವರು ತಿಳಿಸಿದ ಹದೀಸ್ (ಪ್ರವಾದಿಯವರ ನುಡಿ-ನಡೆಯ ವರದಿ) ಇದೆ. ಆ ಮಾತಿನ ತೂಕ ನನಗೆ ಕಣ್ಣಾರೆ ಕಂಡದ್ದು ವಿಜಯಪುರದ ಜಾಮಿಯಾ ಮಸೀದಿಯಲ್ಲಿ, ಡಿಸೆಂಬರಿನ ಒಂದು ನಸುಕಿನಲ್ಲಿ.

ಮನೆಯ ಮದುವೆಗೆಂದು ಭಟ್ಕಳದಿಂದ ಬಂದಿದ್ದ ಗೆಳೆಯರು, ನನ್ನ ಮಗ ಮತ್ತು ಅಬ್ಬಾ ನನ್ನ ಜೊತೆಗಿದ್ದರು. ಅಬ್ಬಾ ಅವರ ಮೊಣಕಾಲು ಹಿಡಿದಿದ್ದರಿಂದ ತಣ್ಣೀರಿನಲ್ಲಿ ಕೈಕಾಲು ಮುಖ ತೊಳೆಯುವ ವಜೂ ಮುಗಿಸುವಷ್ಟರಲ್ಲಿ ತಡವಾಯಿತು. ನಾವು ಒಳಗೆ ಕಾಲಿಡುವಾಗ ನಮಾಜ್ ಶುರುವಾಗುತ್ತದೆಂದು ಸಾರುವ ಇಕಾಮತ್ ಮುಗಿದು ಇಮಾಮರು ಓದತೊಡಗಿದ್ದರು. ಗೆಳೆಯರು ನೇರವಾಗಿ ಹೋಗಿ ಸಾಲಾಗಿ ನಿಂತವರ ಸಫ್‌ನಲ್ಲಿ ಸೇರಿಕೊಂಡರು. ಅಬ್ಬಾ ಮಾತ್ರ 1558ರಿಂದ 1580ರವರೆಗೆ ಆಳಿದ ಒಂದನೇ ಅಲಿ ಆದಿಲ್ ಶಾಹನ ಕಾಲದ ಆ ದಪ್ಪ ಕಂಬಗಳಲ್ಲೊಂದರ ಮರೆಗೆ ಸರಿದು, ಮೊಣಕೈಯಿಂದ ನೀರು ಇನ್ನೂ ತೊಟ್ಟಿಕ್ಕುತ್ತಿರುವಾಗಲೇ ಸುನ್ನತ್‌ಗೆ ನಿಂತರು. ಸಜ್ದಾದಿಂದ ಏಳುವಾಗ ಕಂಬಕ್ಕೆ ಅಂಗೈ ಊರಿ, ಎರಡೂ ರಕಾತ್ ಬೇಗನೆ ಮುಗಿಸಿ, ಒಟ್ಟಾಗಿ ಮಾಡುವ ನಮಾಜಾದ ಜಮಾತ್‌ನ ಎರಡನೆಯ ರಕಾತ್‌ಗೆ ಬಂದು ಕೂಡಿಕೊಂಡರು. ಆ ಬೇಗ ಅವಸರದ್ದಲ್ಲ. ಪ್ರವಾದಿಯವರು ಈ ಸುನ್ನತ್ತನ್ನು ಎಷ್ಟು ಹಗುರಾಗಿ ಮುಗಿಸುತ್ತಿದ್ದರೆಂದರೆ, ಕುರಾನಿನ ಮೊದಲ ಅಧ್ಯಾಯವಾದ ಫಾತಿಹಾ ಓದಿದರೋ ಇಲ್ಲವೋ ಎಂದು ಹಜರತ್ ಆಯಿಷಾ ಅವರಿಗೇ ಅನಿಸುತ್ತಿತ್ತಂತೆ.

ನಮಾಜ್ ಮುಗಿಸುವ ಸಲಾಂ ಆದ ಮೇಲೆ ಗೆಳೆಯರು ಎದ್ದು ತಮ್ಮ ಎರಡು ರಕಾತ್ ಸುನ್ನತ್ ಪೂರೈಸಿದರು. ಮಗನಿಗೆ ತಲೆಬುಡ ತಿಳಿಯಲಿಲ್ಲ. ಭಟ್ಕಳದವರ ನವಾಯತಿ ಭಾಷೆ ನಮಗೆ ಬಾರದ ಕಾರಣ ಮಾತೆಲ್ಲ ಕನ್ನಡದಲ್ಲೇ ನಡೆದಿತ್ತು.

“ದಾದಾ, ಇಮಾಮ್ ಸಾಹೇಬ್ರು ಓದಾಕ ಹತ್ತಿದ ಮ್ಯಾಲೂ ನೀವು ಬ್ಯಾರೆ ಯಾಕ ನಿಂತ್ರಿ?”

ನಾವು ಹನಫಿಗಳು, ಭಟ್ಕಳದವರು ಶಾಫಿಗಳು, ಇವು ಇಸ್ಲಾಮಿನ ಧಾರ್ಮಿಕ ವಿಧಿಗಳ ಎರಡು ಪಂಥ (ಮಜ್‌ಹಬ್) ಎಂದು ಅಬ್ಬಾ ವಿವರಿಸಿದರು. ಜಮಾತ್ ಪೂರ್ತಿ ಕೈತಪ್ಪುವ ಭಯವಿಲ್ಲದಿದ್ದರೆ ಸಫ್‌ನಿಂದ ದೂರ ನಿಂತು ಫಜರ್ ಸುನ್ನತ್ ಮಾಡಿಕೊಳ್ಳಬಹುದೆಂಬುದು ನಮ್ಮ ಮಜ್‌ಹಬ್. ಪ್ರವಾದಿಯವರ ಸಂಗಾತಿ (ಸಹಾಬಿ) ಅಬ್ದುಲ್ಲಾ ಬಿನ್ ಮಸೂದ್ ಅವರು ಹೀಗೆಯೇ ಕಂಬದ ಬಳಿ ನಿಂತಿದ್ದರೆಂಬ ವರದಿ ಅದಕ್ಕೆ ಆಧಾರ. ಇಕಾಮತ್ ಆದ ಮೇಲೆ ಫರ್ಜ್ ಬಿಟ್ಟು ಬೇರೆ ನಮಾಜಿಲ್ಲ ಎಂಬ ಹದೀಸ್ ಶಾಫಿಗಳ ಆಧಾರ. ಅವರು ಉಳಿದ ಸುನ್ನತ್ತನ್ನು ಫರ್ಜ್ ಆದ ಕೂಡಲೇ ಪೂರೈಸಬಹುದು. ನಮ್ಮಲ್ಲಿ ಸೂರ್ಯ ಏರುವವರೆಗೆ ಕಾಯಬೇಕು.

“ನಿಮ್ಮದೂ ಖರೇ ಐತ್ರಿ,” ಎಂದು ಅಬ್ಬಾ ಗೆಳೆಯರ ಕೈ ಹಿಡಿದರು. ಇಬ್ಬರೂ ಬೇರೆ ಬೇರೆ ದಾರಿ ಹಿಡಿದದ್ದು ಆ ಎರಡು ರಕಾತ್ ಕಳೆದುಹೋಗಬಾರದೆಂಬ ಒಂದೇ ಕಾಳಜಿಯಿಂದ ಎಂಬುದು ನನಗೆ ಆಗ ಮನದಟ್ಟಾಯಿತು.

ನಿದ್ದೆಯಿಂದ ಎಚ್ಚರವೇ ಆಗದಿದ್ದರೆ ಏನು ಗತಿ ಎಂದು ಮಗ ಮತ್ತೆ ಕೇಳಿದ. ಈ ಸಲ ಉತ್ತರಿಸಿದವರು ಗೆಳೆಯರು. ಒಮ್ಮೆ ಪ್ರವಾದಿಯವರ ಪ್ರಯಾಣದಲ್ಲಿ ಕಾವಲಿಗಿದ್ದ ಸಹಾಬಿ ಬಿಲಾಲರಿಗೂ ನಿದ್ದೆ ಹತ್ತಿ, ಬಿಸಿಲು ಬಿದ್ದ ಮೇಲೆ ಎಲ್ಲರೂ ಎದ್ದರು; ಪ್ರವಾದಿಯವರು ಅಲ್ಲಿಂದ ಸ್ವಲ್ಪ ಮುಂದೆ ಸಾಗಿ, ಅಷ್ಟು ತಡವಾಗಿದ್ದರೂ ಮೊದಲು ಆ ಎರಡು ರಕಾತ್ ಸುನ್ನತ್ ಮಾಡಿ, ನಂತರವೇ ಫರ್ಜ್‌ಗೆ ನಿಂತರು.