ಅತ್ತೆ ಬೇಡ ಅಂದರು

ಶನಿವಾರದಿಂದ ಅತ್ತೆಯ ಆ 'ಬೇಡ' ತಲೆಯಿಂದ ಹೋಗುತ್ತಲೇ ಇಲ್ಲ. ಜಗಳ ಅಲ್ಲ, ಏನೂ ಅಲ್ಲ, ಸುಮ್ನೆ ಇಸ್ಪೀಟು. ಮೇಲಿನ ಮಹಡಿಯ ಸಿಂಧಿ ಆಂಟಿ ಮನೆಯಲ್ಲಿ ಕೆನಾಸ್ಟಾ. ಊರಲ್ಲಿದ್ದಾಗ ಅತ್ತೆಗೆ ಇಪ್ಪತ್ತೆಂಟು ಬಿಟ್ಟರೆ ಬೇರೆ ಆಟ ಗೊತ್ತಿರಲಿಲ್ಲ, ಇದು ಮುಂಬೈಯ ಮುಲುಂಡಿಗೆ ಬಂದ ಮೇಲೆ ಕಲಿತದ್ದು. ಈಗ ನನಗಿಂತ ಚೆನ್ನಾಗಿ ಆಡುತ್ತಾರೆ. ಅದು ಅವರಿಗೂ ಗೊತ್ತು.

ನಾನು ಮತ್ತು ಅತ್ತೆ ಜೋಡಿ. ಎದುರಿಗೆ ಆಂಟಿ, ಅವರ ನಾದಿನಿ. ಆಂಟಿ ಒಳ್ಳೆಯವರೇ, ಆದರೆ ಒಂದು ಎಲೆ ಎಸೆಯುವಷ್ಟರಲ್ಲಿ ಚಹಾ ಆರಿಹೋಗುತ್ತದೆ. ನಾದಿನಿ ಮಾತೇ ಆಡುವುದಿಲ್ಲ, ನಿಮ್ಮ ಕೈಯಲ್ಲಿ ಎಷ್ಟು ಎಲೆ ಇದೆ ಅಂತ ಮಾತ್ರ ಕೇಳುತ್ತಾರೆ. ನನಗೆ ಅವರನ್ನು ಕಂಡರೆ ಸ್ವಲ್ಪ ಭಯ.

ಎರಡು ಕಟ್ಟು ಎಲೆಗಳ ಆಟ ಇದು, ಒಂದೇ ಥರದ ಏಳು ಎಲೆ ಸೇರಿದರೆ ಅದಕ್ಕೂ ಕೆನಾಸ್ಟಾ ಅಂತಲೇ ಹೆಸರು. ನಮ್ಮ ಕಡೆ ಏಳು ರಾಣಿಗಳು ಕೆಳಗೆ ಬಿದ್ದಿದ್ದವು, ಒಂದೂ ಜೋಕರ್ ಇಲ್ಲ, ಜೋಕರ್ ಥರವೇ ನಡೆಯುವ ಎರಡರ ಎಲೆಯೂ ಇಲ್ಲ, ಅಪ್ಪಟ ಕೆನಾಸ್ಟಾ, 500 ಅಂಕ. ಅಂದರೆ ಇನ್ನು ಯಾವಾಗ ಬೇಕಾದರೂ ಕೈ ಖಾಲಿ ಮಾಡಿ ಆಟ ಮುಗಿಸಬಹುದು. ಆದರೆ ಎಸೆದ ಎಲೆಗಳ ರಾಶಿ ದೊಡ್ಡದಾಗಿತ್ತು. ಆಂಟಿ ಅದರ ಮೇಲೆ ಎರಡರ ಎಲೆಯೊಂದನ್ನು ಅಡ್ಡ ಇಟ್ಟು ಫ್ರೀಜ್ ಮಾಡಿದ್ದರು, ಹಾಗಾಗಿ ಮೇಲೆ ಬೀಳುವ ಎಲೆಯಂಥದ್ದೇ ಜೋಡಿ ಕೈಯಲ್ಲಿದ್ದವರಿಗೆ ಮಾತ್ರ ಆ ರಾಶಿ. ನಾನು ಒಂದು ಎಲೆ ಎಳೆದೆ. ಎಲ್ಲವೂ ಹೊಂದಿಕೊಂಡವು, ಒಂದನ್ನು ಎಸೆದರೆ ಆಯಿತು, ಮುಗೀತು.

ಇಲ್ಲಿ ಒಂದು ನಿಯಮ ಇದೆ. ಎಲೆ ಎಳೆದ ಮೇಲೆ, ಏನನ್ನೂ ಕೆಳಗೆ ಇಡುವ ಮೊದಲು, 'ಮುಗಿಸಲಾ?' ಅಂತ ಜೋಡಿಯವರನ್ನು ಕೇಳಬಹುದು. ಅವರು ಹೌದು ಅಥವಾ ಬೇಡ ಅಂತ ಮಾತ್ರ ಹೇಳಬೇಕು, ಕಾರಣ ಹೇಳುವಂತಿಲ್ಲ. ಹೇಳಿದ ಮೇಲೆ ಅದೇ ಕೊನೆ. ಕೇಳಲೇಬೇಕು ಅಂತೇನೂ ಇಲ್ಲ, ಕೇಳದೆಯೂ ಮುಗಿಸಬಹುದು.

ನಾನು ಕೇಳಿದೆ. ಅತ್ತೆ ಕನ್ನಡಕ ಮೇಲೆ ತಳ್ಳಿ, ಕೈಯಲ್ಲಿದ್ದ ಎಲೆಗಳನ್ನೇ ನೋಡುತ್ತಾ, "ಬೇಡ" ಅಂದರು.

ಅವರ ಕೈಯಲ್ಲಿ ಮೂರು ಎಕ್ಕ, ಒಂದು ಜೋಕರ್ ಇತ್ತಂತೆ. ನಾನು ಮುಗಿಸಿದ್ದರೆ ಅಷ್ಟೂ ಮೈನಸ್, 110. ಲೆಕ್ಕ ಸರಿ. ಆದರೆ ಅತ್ತೆಗಿಂತ ಮೊದಲು ನಾದಿನಿಯ ಸರದಿ ಅಲ್ವಾ? ಅವರು ರಾಶಿ ಎತ್ತದಂತೆ ತಡೆಯೋಕೆ ಎಸೆಯುವ ಕಪ್ಪು ಮೂರು ನನ್ನ ಹತ್ತಿರ ಇರಲಿಲ್ಲ. ಒಂಬತ್ತು ಎಸೆದೆ. ನಾದಿನಿ ಎರಡು ಒಂಬತ್ತು ತೋರಿಸಿ ಇಡೀ ರಾಶಿ ಎತ್ತಿಕೊಂಡರು. ಅದೇ ರಾಶಿಯಿಂದ ಎರಡು ಕೆನಾಸ್ಟಾ ಆಯಿತು ಅವರಿಗೆ. ಅತ್ತೆ ಮಾತ್ರ ತಮ್ಮ ಸರದಿಯಲ್ಲಿ ನಿಧಾನವಾಗಿ ಎಕ್ಕಗಳನ್ನು ಇಟ್ಟರು, ಏನೂ ಆಗಿಲ್ಲ ಅನ್ನೋ ಹಾಗೆ.

ಲಿಫ್ಟಲ್ಲಿ ಕೇಳಿದೆ, "ಅಲ್ಲ ಅತ್ತೆ, ಯಾಕೆ ಬೇಡ ಅಂದ್ರಿ?"

"ಕೇಳಿದ್ಯಲ್ಲ, ಹೇಳಿದೆ."

ಅಷ್ಟೇ. ಪಾತ್ರೆ ತೊಳೆಯುವಾಗಲೂ ಅದೇ ಮಾತು, ಆಫೀಸಿನ ಟ್ರೇನಲ್ಲೂ ಅದೇ ಮಾತು. ಕೇಳಿದ್ಯಲ್ಲ, ಹೇಳಿದೆ. ಯಾಕೆ ಇಷ್ಟು ಕಾಡುತ್ತಿದೆ ಅಂದರೆ, ನಮ್ಮ ಮನೆಯಲ್ಲಿ ಯಾರೂ ಯಾರಿಗೂ ನೇರವಾಗಿ ಬೇಡ ಅಂದದ್ದೇ ಇಲ್ಲ. ನಾನು ಕೆಲಸಕ್ಕೆ ವಾಪಸ್ ಹೋಗಲಾ ಅಂತ ಕೇಳಿದಾಗ ಇದೇ ಅತ್ತೆ "ನಿನ್ನಿಷ್ಟ" ಅಂದಿದ್ದರು. ಆ ನಿನ್ನಿಷ್ಟದಲ್ಲಿ ಎಷ್ಟು ಬೇಡ ಇತ್ತು, ಎಷ್ಟು ಹೌದು ಇತ್ತು ಅಂತ ನಾನು ವರ್ಷಗಟ್ಟಲೆ ಅಳೆದಿದ್ದೇನೆ. ಕೇಳುವವರೂ ಅಷ್ಟೇ ಬಿಡಿ, ಮನಸ್ಸಲ್ಲಿ ತೀರ್ಮಾನ ಮಾಡಿಕೊಂಡೇ ಬಂದು, ಹೌದು ಅನ್ನಿಸಿಕೊಳ್ಳೋಕೆ ಕೇಳುವುದು.

ಈ ಆಟವನ್ನು 1939ರಲ್ಲಿ ಉರುಗ್ವೆಯ ಮೊಂಟೆವಿಡಿಯೋದಲ್ಲಿ ಒಬ್ಬ ವಕೀಲ ಮತ್ತು ಒಬ್ಬ ಆರ್ಕಿಟೆಕ್ಟ್ ಸೇರಿ ಕಟ್ಟಿದರಂತೆ. ಈ ನಿಯಮ ವಕೀಲರದ್ದೇ ಇರಬೇಕು ಅಂತ ನನ್ನ ಗುಮಾನಿ. ನಿನ್ನಿಷ್ಟ ಅನ್ನೋಕೆ ಜಾಗವೇ ಇಟ್ಟಿಲ್ಲ ಪುಣ್ಯಾತ್ಮ.

ನಿನ್ನೆ ಇವರು ಚೌತಿಗೆ ಊರಿಗೆ ಹೋಗೋಣ್ವಾ ಅಂತ ಅತ್ತೆಯನ್ನು ಕೇಳಿದರು.

"ನಿಮ್ಮಿಷ್ಟ," ಅಂದರು ಅತ್ತೆ.

"ಹೌದಾ, ಬೇಡ್ವಾ? ಎರಡರಲ್ಲಿ ಒಂದು ಹೇಳಿ ಅತ್ತೆ," ಅಂದೆ.

"ಇದೇನು ಇಸ್ಪೀಟಾ?"

ಟಿಕೆಟ್ ಇನ್ನೂ ಬುಕ್ ಆಗಿಲ್ಲ.